ಉಚ್ಚೆ ತಡೆಯಲಾಗದಿದ್ದರೆ ಏನು ಮಾಡಬೇಕು

ಕೆಮ್ಮಿದಾಗ, ತುಂಬಿದ ಕೊಡ ಎತ್ತಿದಾಗ ಸೋರುವುದು ಒಂದು ಬಗೆ. ಒಮ್ಮೆಲೇ ಅವಸರವಾಗಿ, ಬಚ್ಚಲು ಮುಟ್ಟುವುದರೊಳಗೆ ಆಗಿಬಿಡುವುದು ಇನ್ನೊಂದು. ಕೆಲವರಿಗೆ ಎರಡೂ ಇರುತ್ತವೆ. ಹೆರಿಗೆಯಾದವರಿಗೆ, ವಯಸ್ಸಾದವರಿಗೆ ಇದು ಇದ್ದದ್ದೇ ಎಂದು ಸುಮ್ಮನಿರಬೇಡಿ. ಮೊದಲು ಮೂತ್ರ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ; ಸೋಂಕು, ಮಧುಮೇಹದಿಂದಲೂ ಹೀಗಾಗುತ್ತದೆ.

ಎರಡೂ ಬಗೆಗೆ ತಳಸ್ನಾಯುವಿನ, ಅಂದರೆ ಕೆಳಗಿನಿಂದ ಮೂತ್ರಚೀಲವನ್ನು ಹೊತ್ತು ನಿಲ್ಲುವ ಸ್ನಾಯುವಿನ, ವ್ಯಾಯಾಮ ಬೇಕು. ಗಾಳಿ ಹೋಗದಂತೆ ಬಿಗಿಹಿಡಿಯುವ ಹಾಗೆ ಒಳಕ್ಕೆ, ಮೇಲಕ್ಕೆ ಎಳೆಯಿರಿ. 5 ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ 10, ದಿನಕ್ಕೆ ಮೂರು ಸಲ; ಮೆಲ್ಲಗೆ 10 ಸೆಕೆಂಡಿಗೆ ಏರಿಸಿ. ಬಹಳ ಮಂದಿ ಉಸಿರು ಕಟ್ಟಿ ಹೊಟ್ಟೆ ಬಿಗಿಯುತ್ತಾರೆ, ಅದರಿಂದ ಒತ್ತಡ ಕೆಳಕ್ಕೇ ಬೀಳುತ್ತದೆ. 3 ತಿಂಗಳು ಬಿಡದೆ ಮಾಡಿದ ಮೇಲೇ ಫಲ ಅಳೆಯಿರಿ.

ಅವಸರದವರು ಗಂಟೆಗೊಮ್ಮೆ ಹೋಗುವುದರಿಂದ ಶುರುಮಾಡಿ, ವಾರಕ್ಕೆ 15 ನಿಮಿಷ ಅಂತರ ಹೆಚ್ಚಿಸಿ. ಅವಸರ ಬಂದಾಗ ಓಡಬೇಡಿ. ನಿಂತು ಐದಾರು ಸಲ ಚಕಚಕನೆ ಬಿಗಿಹಿಡಿದು, ಅದು ಇಳಿದ ಮೇಲೆ ನಡೆಯಿರಿ. ಚಹಾ ಕಡಿಮೆ ಮಾಡಿ, ನೀರನ್ನಲ್ಲ. ವಿಜಯಪುರದ ಬಿಸಿಲಲ್ಲಿ ಬಸ್ ಹತ್ತುವ ಮುಂಚೆ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಚೀಲವನ್ನು ಇನ್ನಷ್ಟು ಕೆಣಕುತ್ತದೆ. ಮಲಬದ್ಧತೆಯೂ ಹಾಗೆಯೇ.

ಮಾತ್ರೆಗಳು ಹೆಚ್ಚಾಗಿ ಅವಸರದ ಬಗೆಗೆ. ಸೊಲಿಫೆನಾಸಿನ್‌ನಿಂದ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ. ಮಿರಾಬೆಗ್ರಾನ್ ತೆಗೆದುಕೊಂಡರೆ ಬಿಪಿ ನೋಡುತ್ತಿರಬೇಕು. ಇವು ನಾಟದಿದ್ದರೆ ಮೂತ್ರಚೀಲಕ್ಕೆ ಬೊಟಾಕ್ಸ್ ಚುಚ್ಚುಮದ್ದು ಇದೆ. ಕೆಮ್ಮಿದಾಗ ಸೋರುವುದು ವ್ಯಾಯಾಮಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ, ಕಾಲು ದಿಢೀರನೆ ಸೋತರೆ ಅದೇ ದಿನ ಹೋಗಿ.