ಬೂದಿ ಬಡಿದ ಮಡ್‌ಗಾರ್ಡ್ ಮತ್ತೆ ಕಪ್ಪಾಯಿತು

ನನ್ನ ಪಲ್ಸರ್ 2008ರದ್ದು. ಎಂಜಿನ್ ಈಗಲೂ ಒಂದೇ ಸೆಲ್ಫ್‌ಗೆ ಏಳುತ್ತದೆ, ಟ್ಯಾಂಕಿನ ಪೇಂಟೂ ಪರವಾಗಿಲ್ಲ. ಆದರೂ ನೋಡಿದವರು "ಎಷ್ಟಕ್ಕೆ ಕೊಡ್ತೀರಾ?" ಅಂತ ಕೇಳುತ್ತಿದ್ದರು. ಗಾಡಿಗೆ ಆ ಮುದಿಕಳೆ ಬಂದದ್ದು ಕಪ್ಪು ಪ್ಲಾಸ್ಟಿಕ್‌ನಿಂದ. ಹಿಂದಿನ ಮಡ್‌ಗಾರ್ಡ್, ಕನ್ನಡಿಗಳ ಬೆನ್ನು, ಇಂಡಿಕೇಟರ್ ಕಡ್ಡಿ, ಮೀಟರ್ ಕೆಳಗಿನ ಕವರ್, ಎಲ್ಲಾ ವಿಭೂತಿ ಬಳಿದ ಹಾಗೆ.

ತಮಾಷೆ ಅಂದರೆ ಎರಡು ಮಗ್ಗುಲೂ ಒಂದೇ ತರ ಮಾಸಿರಲಿಲ್ಲ. ಹನುಮಂತನಗರದ ನಮ್ಮ ಮನೆ ಮುಂದೆ ಗಾಡಿಯ ಬಲಮಗ್ಗುಲು ಪಡುವಣಕ್ಕೆ. ಮಧ್ಯಾಹ್ನದ ಬಿಸಿಲೆಲ್ಲಾ ಆ ಕಡೆಗೇ. ಎಡಗಡೆ ಇನ್ನೂ ಸುಮಾರಾಗಿ ಕಪ್ಪಿತ್ತು. ಬೆಂಗಳೂರು ತಂಪು ಊರು ಅಂತ ನಾವೇ ಹೇಳಿಕೊಳ್ಳುತ್ತೇವೆ. ಆದರೆ 900 ಮೀಟರ್ ಎತ್ತರದ ಈ ಊರಲ್ಲಿ ಸೆಕೆ ಕಡಿಮೆ ಇರಬಹುದು, ಪ್ಲಾಸ್ಟಿಕ್ ಹಾಳು ಮಾಡುವ ಯುವಿ ಕಿರಣ ಕಡಿಮೆ ಏನಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡು ದಿನ ಮಿರಮಿರ ಮಿಂಚಿತು, ಮೂರನೇ ದಿನ ರಸ್ತೆಯ ಧೂಳೆಲ್ಲಾ ಅಲ್ಲೇ ಮೆತ್ತಿಕೊಂಡಿತು. ವಾಟರ್ ಸರ್ವೀಸಿನಲ್ಲಿ ಡೀಸೆಲ್ ಹೊಡೆದು ಕೊಟ್ಟರು, ಒಂದೇ ಮಳೆಗೆ ಹೋಯಿತು. ಬೂಟ್ ಪಾಲಿಶ್ ಪ್ಯಾಂಟಿಗೆ ಹತ್ತಿತು. ಆಮೇಲೆ ಮನೆಯಲ್ಲಿ ಆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಗ ಕೂತು ಸ್ವಲ್ಪ ತಿಳಿದುಕೊಂಡೆ. ಈ ಪ್ಲಾಸ್ಟಿಕ್‌ಗೆ ಕಪ್ಪು ಬರುವುದು ಒಳಗೆ ಬೆರೆಸಿರುವ ಕಾರ್ಬನ್ ಬ್ಲ್ಯಾಕ್‌ನಿಂದ, ಅಂದರೆ ಒಂದು ತರದ ಮಸಿಯಿಂದ. ಮಸಿ ಬಿಸಿಲಿಗೆ ಮಾಸುವುದಿಲ್ಲ. ಹಾಳಾಗುವುದು ಅದನ್ನು ಹಿಡಿದಿರುವ ಪ್ಲಾಸ್ಟಿಕ್‌ನ ಮೇಲಿನ ತೆಳು ಪದರ. ಅದರ ಉದ್ದುದ್ದ ಕಣಸರಪಳಿಗಳು ಬಿಸಿಲಿಗೆ ತುಂಡಾಗಿ, ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಪುಡಿಪುಡಿಯಾಗುತ್ತದೆ. ಬೆಳಕು ಆ ಬಿರುಕುಗಳಲ್ಲಿ ಚದುರಿ ಬೂದಿ ಬಣ್ಣವಾಗಿ ಕಾಣುತ್ತದೆ. ಒದ್ದೆ ಬಟ್ಟೆ ಆಡಿಸಿದರೆ ಕ್ಷಣಕ್ಕೆ ಕಪ್ಪಾಗುತ್ತದೆ ಅಲ್ವಾ? ನೀರು ಬಿರುಕು ತುಂಬುತ್ತದೆ, ಅಷ್ಟೇ. ಎಣ್ಣೆಯ ಕತೆಯೂ ಅದೇ.

ಹಾಗಾದರೆ ಬಿರುಕನ್ನೇ ಮುಚ್ಚಬೇಕು. ಅದಕ್ಕೆ ಇರುವ ಒಂದು ದಾರಿ ಹೀಟ್ ಗನ್, ಅಂದರೆ ಬಿಸಿ ಗಾಳಿ ಊದುವ ಯಂತ್ರ. ಆ ಶಾಖಕ್ಕೆ ಮೇಲಿನ ಪದರ ಮೆತ್ತಗಾಗಿ ಬಿರುಕು ಕೂಡಿಕೊಳ್ಳುತ್ತದೆ. ಸ್ಟಿಕ್ಕರ್ ಅಂಗಡಿ ಇಟ್ಟಿರುವ ಗೆಳೆಯನಿಂದ ಒಂದು ಭಾನುವಾರಕ್ಕೆ ಇಸ್ಕೊಂಡು ಬಂದೆ.

ಮಡ್‌ಗಾರ್ಡ್ ಬಿಚ್ಚಿ ತಿರುಗಿಸಿದರೆ ಒಳಗಡೆ ಪಿಪಿ ಅಂತ ಅಚ್ಚು. ಅಂದರೆ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಸೋಪಿನ ನೀರು, ಹಳೆ ಟೂತ್‌ಬ್ರಶ್ ಹಿಡಿದು ತಿಕ್ಕಿದೆ, ಪೂರಾ ಒಣಗಿಸಿದೆ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ಬಟ್ಟೆಗೆ ಕಪ್ಪು ಬರುತ್ತಲೇ ಇತ್ತು. ಈ ಕೆಲಸಕ್ಕೇ ಒಂದು ಗಂಟೆ ಹಿಡಿಯಿತು, ಇದರಲ್ಲಿ ಮಾತ್ರ ಆತುರ ಬೇಡ. ಹಳೇ ಪಾಲಿಶ್ ಉಳಿದರೆ ಶಾಖಕ್ಕೆ ಕಲೆಯಾಗಿ ಕೂತುಬಿಡುತ್ತದೆ. ಆಲ್ಕೊಹಾಲ್ ಆವಿಯೂ ಪೂರ್ತಿ ಹೋಗಿರಬೇಕು, ಬೆಂಕಿ ಹತ್ತುವ ವಸ್ತು ಅದು.

ಗನ್ನನ್ನು ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಹಿಡಿದು, ಇಸ್ತ್ರಿ ಮಾಡುವ ಹಾಗೆ ಆಡಿಸುತ್ತಾ ಹೋದೆ. ಮೊದಲು ಯಾರಿಗೂ ಕಾಣದ ಒಳಮೂಲೆಯಲ್ಲಿ. ಕೆಲವು ಸೆಕೆಂಡು ಏನೂ ಇಲ್ಲ. ಆಮೇಲೆ ಬೂದಿ ಜಾಗದಲ್ಲಿ ಕಪ್ಪು ಹರಡುತ್ತಾ ಬಂತು, ಬ್ಲಾಟಿಂಗ್ ಪೇಪರಿಗೆ ಇಂಕು ಬಿದ್ದ ಹಾಗೆ. ಅದನ್ನು ನೋಡುವ ಖುಷಿಯೇ ಬೇರೆ. ಕಪ್ಪಾದ ಕೂಡಲೇ ಮುಂದಕ್ಕೆ ಸರಿಯಬೇಕು. ಪಿಪಿ ಕರಗುವುದು ಸುಮಾರು 160 ಡಿಗ್ರಿಗೆ, ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಜಾಸ್ತಿ. ಒಂದೇ ಕಡೆ ನಿಂತರೆ ಒರಟು ಮೈ ನುಣ್ಣಗಾಗಿ ತೇಪೆಯ ಹಾಗೆ ಹೊಳೆಯುತ್ತದೆ. ನನ್ನ ಮಡ್‌ಗಾರ್ಡಿನಲ್ಲೂ ನಂಬರ್ ಪ್ಲೇಟ್ ಮೇಲ್ಗಡೆ ಅಂಥದ್ದೊಂದು ಇದೆ. ಆಗ ಫೋನ್ ಬಂದಿತ್ತು.

ಗೆದ್ದೆ ಅಂದುಕೊಂಡವನು ಅದೇ ಹುರುಪಿನಲ್ಲಿ ಮೀಟರ್ ಕವರಿಗೂ ಗನ್ ಹಿಡಿದೆ. ಒಳಗಿನ ಅಚ್ಚು ನೋಡಲೇ ಇಲ್ಲ. ಅದು ಎಬಿಎಸ್ ಅನ್ನುವ ಬೇರೆ ಪ್ಲಾಸ್ಟಿಕ್, ನೂರು ಡಿಗ್ರಿ ದಾಟುತ್ತಲೇ ಮೆತ್ತಗಾಗುವ ಜಾತಿ. ಕಪ್ಪಾಗುವ ಮೊದಲೇ ಅಂಚು ಹಪ್ಪಳದ ಹಾಗೆ ಸೊಟ್ಟಗಾಯಿತು. ಒತ್ತಿ ಹಿಡಿದೆ, ನೀರು ಹಾಕಿದೆ. ಊಹೂಂ. ಜೆ.ಸಿ. ರೋಡಿಗೆ ಹೋಗಿ ಬೇರೆ ತಂದೆ. ಸ್ವಿಚ್ ಬಾಕ್ಸಿಗೂ ಹಿಡಿದಿದ್ದರೆ ಒಳಗಿನ ವೈರೂ ಹೋಗುತ್ತಿತ್ತು.

ಕನ್ನಡಿ, ಸ್ವಿಚ್, ಇಂಡಿಕೇಟರ್‌ಗೆ ಗನ್ ಬಿಟ್ಟು ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಬಳಸಿದೆ. ಇದು ಕೊಬ್ಬರಿ ಎಣ್ಣೆಯ ಹಾಗಲ್ಲ. ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ, ಮರದ ಬಾಗಿಲಿಗೆ ಹಚ್ಚುವುದು ಅದಕ್ಕೇ. ತೀರಾ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಮಿಕ್ಕಿದ್ದೆಲ್ಲಾ ಒರೆಸಿ ತೆಗೆಯಬೇಕು. ಎರಡು ದಿನ ನೆರಳಿನಲ್ಲಿ ಒಣಗಬೇಕು. ದಪ್ಪ ಬಳಿದರೆ ಅಂಟಂಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಈ ಎಣ್ಣೆ ಬಿಸಿಯಾಗುತ್ತದೆ, ಮುದ್ದೆಯೊಳಗೆ ಶಾಖ ಕೂಡಿ ತಾನಾಗಿ ಬೆಂಕಿ ಹತ್ತಿದ್ದುಂಟು. ನಾನು ನೀರಿನಲ್ಲಿ ನೆನೆಸಿ, ಹರಡಿ ಒಣಗಿಸಿ ಆಮೇಲೆ ಎಸೆದೆ.

ಸ್ಪ್ರೇ ಪೇಂಟ್ ಹೊಡೆಯಿರಿ ಅಂದವರೂ ಇದ್ದರು. ಪಿಪಿ ಮೇಲೆ ಸುಮ್ನೆ ಪೇಂಟ್ ನಿಲ್ಲುವುದಿಲ್ಲ, ಅದಕ್ಕೇ ಅಂತ ಬರುವ ಪ್ರೈಮರ್ ಬೇಕು. ಇಲ್ಲದಿದ್ದರೆ ಸಿಪ್ಪೆ ಸುಲಿದ ಹಾಗೆ ಏಳುತ್ತದೆ. ನಾನು ಆ ಗೋಜಿಗೆ ಹೋಗಲಿಲ್ಲ.

ಒಂದು ಮಳೆಗಾಲ ಕಳೆದಿದೆ. ಮಡ್‌ಗಾರ್ಡ್ ಇನ್ನೂ ಕಪ್ಪಗೇ ಇದೆ, ಬಲಗಡೆ ಅಂಚಿನಲ್ಲಿ ಮಾತ್ರ ಸಣ್ಣಗೆ ಮಂಕು ಶುರುವಾಗಿದೆ. ಶಾಖ ಬಿರುಕನ್ನು ಮುಚ್ಚುತ್ತದೆಯೇ ಹೊರತು ಬಿಸಿಲು ತಡೆಯುವ ಹೊಸ ಶಕ್ತಿ ಕೊಡುವುದಿಲ್ಲ. ಪದೇ ಪದೇ ಕಾಯಿಸಿದರೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಹಾಗಾಗಿ ಈ ಸಲ ಆ ಅಂಚಿಗೆ ಅಗಸೆ ಎಣ್ಣೆಯನ್ನೇ ಹಚ್ಚುತ್ತೇನೆ. ಗಾಡಿಯನ್ನು ಒಂದು ವಾರ ಹೀಗೆ, ಒಂದು ವಾರ ಹಾಗೆ ತಿರುಗಿಸಿ ನಿಲ್ಲಿಸಲು ಶುರು ಮಾಡಿದ್ದೇನೆ.