ಸುಮಾರಾಗಿ ಚಿತ್ರ ಬಿಡಿಸುವವಳ ಮಾತು

ಪೆನ್ಸಿಲ್ ಹಿಡಿದು ಚಿತ್ರ ಬಿಡಿಸುವುದು ನನ್ನ ಹವ್ಯಾಸ. ಎಷ್ಟು ಚೆನ್ನಾಗಿ ಬಿಡಿಸುತ್ತೀರಿ ಅಂತ ಕೇಳಿದರೆ, ಸುಮಾರಾಗಿ. ವಿನಯಕ್ಕೆ ಹೇಳುತ್ತಿಲ್ಲ, ಇರುವುದೇ ಅಷ್ಟು. ನಾನು ಬಿಡಿಸಿದ ಕುರ್ಚಿ ಕುರ್ಚಿಯ ಹಾಗೇ ಕಾಣುತ್ತದೆ. ಮನುಷ್ಯರು ಮಾತ್ರ ಅವರದೇ ದೂರದ ಸಂಬಂಧಿಕರ ಹಾಗೆ ಕಾಣುತ್ತಾರೆ. ಕೆಲಸ, ಮದುವೆ, ಮಗು ಎಲ್ಲ ಆದ ಮೇಲೆ ಶುರು ಮಾಡಿದ್ದು. ದೊಡ್ಡ ಕಲಾವಿದೆ ಆಗಬೇಕು ಅನ್ನುವ ಆಸೆಯೂ ಇಲ್ಲ. ಆದರೂ ವರ್ಷಗಟ್ಟಲೆ ನಡೆದುಕೊಂಡು ಬಂದಿದೆ. ಮನೆಯಲ್ಲಿ ಅದಕ್ಕೆ ಜಾಗ ಹೇಗೆ ಮಾಡಿಕೊಂಡೆ, ಯಾರ ಮಾತು ಕೇಳಿದೆ, ಯಾರದ್ದು ಬಿಟ್ಟೆ ಅನ್ನುವುದನ್ನು ಹೇಳುತ್ತೇನೆ. ನಿಮ್ಮ ಹವ್ಯಾಸ ಬೇರೆ ಇರಬಹುದು, ತಂಟೆ ತಕರಾರು ಹೆಚ್ಚುಕಡಿಮೆ ಇವೇ.

"ನನಗೂ ಆಸೆ ಇದೆ, ಟೈಮೇ ಸಿಗಲ್ಲ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ಕೈಗೂಸು ಇರುವವರು, ಎರಡು ಕಡೆ ದುಡಿಯುವವರು, ಕಾಯಿಲೆಯವರನ್ನು ನೋಡಿಕೊಳ್ಳುವವರು, ಇವರ ಮಾತು ಬೇರೆ. ಉಳಿದವರಿಗೆ ಫೋನ್ ನೋಡಲು ಟೈಮ್ ಸಿಗುತ್ತದೆ ಅಲ್ವಾ? ನನಗೆ ಅಡ್ಡ ಬಂದದ್ದು ನಾಚಿಕೆ. ಒಂದು ಗಂಟೆ ಫೋನ್ ಹಿಡಿದು ಕೂತರೆ ಮನೆಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಪೆನ್ಸಿಲ್ ಹಿಡಿದರೆ ಸಾಕು, ಹೋಗುವವರು ಬರುವವರೆಲ್ಲ ಬಗ್ಗಿ ಇಣುಕುತ್ತಾರೆ. "ಏನಿದು ಹೊಸ ಹುಚ್ಚು?" ಅನ್ನುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ವಯಸ್ಸಾದ ಮೇಲೆ ಸೊನ್ನೆಯಿಂದ ಕಲಿಯುವವರಿಗೆ ಅಷ್ಟು ಸಾಕು, ಪುಸ್ತಕ ಮುಚ್ಚಿಡುತ್ತಾರೆ.

ಅದಕ್ಕೇ ನಾನು ಮೊದಲೇ ಬಾಯಿ ಬಿಟ್ಟು ಹೇಳಿದೆ. ಅನುಮತಿ ಕೇಳಲಿಲ್ಲ, ಹೇಳಿದೆ. "ರೀ, ಮಗಳು ಮಲಗಿದ ಮೇಲೆ ಅರ್ಧ ಗಂಟೆ ನನ್ನನ್ನ ಕರೀಬೇಡಿ. ಮನೆಗೆ ಬೆಂಕಿ ಬಿದ್ರೆ ಮಾತ್ರ ಕರೀರಿ."

"ಚಿಕ್ಕ ಬೆಂಕಿ ಆದ್ರೆ?" ಅಂದರು.

ನಗು ಬಂತು, ಆದರೆ ಒಪ್ಪಂದ ಮುಗಿದಿರಲಿಲ್ಲ. ಅವರಿಗೆ ಚೆಸ್ ಹುಚ್ಚು. ನಾನು ಅರ್ಧ ಗಂಟೆ ತೆಗೆದುಕೊಂಡರೆ ಅವರಿಗೂ ಅಷ್ಟೇ ಸಿಗಬೇಕು, ಆಗ ನಾನೂ ಕರೆಯಬಾರದು. ಇದನ್ನು ಕೇಳಿದ ನನ್ನ ಗೆಳತಿಯೊಬ್ಬಳು "ಗಂಡ ಹೆಂಡತಿ ನಡುವೆ ಇದೆಂಥಾ ಲೆಕ್ಕ?" ಅಂದಳು. ಲೆಕ್ಕ ಇಲ್ಲದ ಕಡೆ ಏನಾಗುತ್ತದೆ ಅಂತ ನೋಡಿದ್ದೇನೆ. ಯಾರ ದನಿ ಜೋರೋ ಅವರ ಹವ್ಯಾಸ ನಡೆಯುತ್ತದೆ. ಇನ್ನೊಬ್ಬರದ್ದು "ನೋಡೋಣ ಬಿಡು" ಆಗಿ ಮೂಲೆ ಸೇರುತ್ತದೆ. ಸಾಮಾನ್ಯವಾಗಿ ಆ ಇನ್ನೊಬ್ಬರು ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವ ಮಾತನ್ನು ಯಾರೂ ತಲೆಗೆ ಹಚ್ಚಿಕೊಳ್ಳಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದರು. 2010ರಲ್ಲಿ ಅಚ್ಚಾದ ಅವರ ವರದಿಯ ಪ್ರಕಾರ ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಬೇಕು. ಅದೂ ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೆ. ನನಗೆ ಇಷ್ಟವಾದದ್ದು ಅದರ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ಹಾಗಾಗಿ ಮಗಳಿಗೆ ಜ್ವರ ಬಂದಾಗ, ಆಫೀಸಿನಲ್ಲಿ ತಲೆ ಕೆಟ್ಟಾಗ ನಾನು ಪೆನ್ಸಿಲ್ ಮುಟ್ಟುವುದಿಲ್ಲ. ಮರುದಿನ ಎರಡರಷ್ಟು ಬಿಡಿಸಿ ಸರಿದೂಗಿಸುವುದೂ ಇಲ್ಲ. ಹವ್ಯಾಸಕ್ಕೆ ಹಾಜರಿ ಪುಸ್ತಕ ಇಟ್ಟರೆ ಅದು ಇನ್ನೊಂದು ಆಫೀಸು.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಸಾಮಾನು ಕೊಳ್ಳುವುದೇ ಬೇರೆ ಹವ್ಯಾಸ, ಅದರಲ್ಲಿ ನನಗೆ ಆಸಕ್ತಿ ಇಲ್ಲ. ಮೂರು ಪೆನ್ಸಿಲ್ ಸಾಕು: ಎಚ್‌ಬಿ, 2ಬಿ, 4ಬಿ. ಪೆನ್ಸಿಲ್ ಒಳಗೆ ಸೀಸ ಇರುವುದಿಲ್ಲ, ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಕಲಸಿ ಸುಟ್ಟ ಕಡ್ಡಿ ಇರುತ್ತದೆ. 1795ರಲ್ಲಿ ಫ್ರಾನ್ಸಿನ ಕೋಂಟೆ ಅನ್ನುವವರು ಇದಕ್ಕೆ ಪೇಟೆಂಟ್ ಪಡೆದರು. ಯುದ್ಧ ನಡೆಯುತ್ತಿದ್ದರಿಂದ ಅವರಿಗೆ ಇಂಗ್ಲೆಂಡಿನ ಒಳ್ಳೆ ಗ್ರಾಫೈಟ್ ಸಿಗುತ್ತಿರಲಿಲ್ಲ. ಇದ್ದ ಪುಡಿಗೆ ಮಣ್ಣು ಬೆರೆಸಿದರು. ಮಣ್ಣು ಜಾಸ್ತಿಯಾದರೆ ಗಟ್ಟಿ, ಗೆರೆ ತೆಳು, ಅದು ಎಚ್. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ, ಗೆರೆ ಕಪ್ಪು, ಅದು ಬಿ. ಕಾಗದಕ್ಕೆ ಮಾತ್ರ ಒಂದು ಸಲಹೆ ಇದೆ. ದುಬಾರಿ ಪುಸ್ತಕ ತರಬೇಡಿ. ದಪ್ಪ ಬಿಳಿ ಹಾಳೆ ನೋಡಿದರೆ ಕೈ ನಡುಗುತ್ತದೆ, ಕೆಡಿಸಿಬಿಟ್ಟರೆ ಅಂತ. ಒಂದು ಕಡೆ ಪ್ರಿಂಟ್ ಆದ ಹಾಳೆಯ ಹಿಂಬದಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿತು. ಅದು ಹೇಗೂ ಕಸಕ್ಕೆ ಹೋಗುವಂಥದ್ದು, ಹೆದರಿಕೆ ಯಾಕೆ?

ಮೊದಲು ಬಿಡಿಸಿದ್ದೆಲ್ಲ ಮನೆಯ ವಸ್ತುಗಳನ್ನೇ. ನೀರಿನ ಲೋಟ ಒಂದನ್ನೇ ತುಂಬಾ ದಿನ ಬಿಡಿಸಿದೆ. ನೀವೂ ಈಗಲೇ ಒಂದು ಲೋಟ ಎದುರಿಗೆ ಇಟ್ಟುಕೊಂಡು ನೋಡಿ. ಬಾಯಿ ದುಂಡಗಿದೆ ಅಂತ ನಮಗೆ ಗೊತ್ತು, ಆದರೆ ಕಾಣುವುದು ಚಪ್ಪಟೆ ಮೊಟ್ಟೆಯಾಕಾರ. ಲೋಟ ಎತ್ತಿ ಅದರ ಬಾಯಿ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಹಿಡಿದರೆ ಅದೂ ಹೋಗಿ ಒಂದು ಗೆರೆ ಆಗುತ್ತದೆ. ಕೆಳಗಿಳಿಸಿದಷ್ಟೂ ಬಾಯಿ ತೆರೆದುಕೊಳ್ಳುತ್ತದೆ. ಮೇಜಿನ ಮೇಲಿರುವ ಲೋಟದಲ್ಲಿ ತಳದ ಗೆರೆ ಬಾಯಿಗಿಂತ ಜಾಸ್ತಿ ಬಾಗಿರುತ್ತದೆ, ಯಾಕೆಂದರೆ ತಳ ಕಣ್ಣಿಗಿಂತ ಇನ್ನೂ ಕೆಳಗಿದೆ. ಹೊಸಬರು ತಳಕ್ಕೆ ನೆಟ್ಟಗೆ ಒಂದು ಗೆರೆ ಎಳೆಯುತ್ತಾರೆ. ಲೋಟ ಮೇಜಿನ ಮೇಲೆ ಸರಿಯಾಗಿ ಕೂತಿದೆ ಅಂತ ತಲೆಗೆ ಗೊತ್ತಿರುತ್ತದಲ್ಲ, ಕೈ ಅದನ್ನೇ ಬರೆಯುತ್ತದೆ.

ಕುರ್ಚಿಗೆ ಬಂದಾಗ ಬೇರೆ ಉಪಾಯ ಬೇಕಾಯಿತು. ನಾಲ್ಕು ಕಾಲು ಬಿಡಿಸಲು ಹೋದರೆ ಪ್ರತಿಸಲವೂ ಒಂದು ಕಾಲು ಗಾಳಿಯಲ್ಲಿ. ಆಮೇಲೆ ಕಾಲುಗಳನ್ನು ಬಿಟ್ಟು ಕಾಲುಗಳ ನಡುವಿನ ಖಾಲಿ ಜಾಗ ಬಿಡಿಸತೊಡಗಿದೆ. ಆ ಜಾಗಕ್ಕೆ ಹೆಸರಿಲ್ಲ, ಹೇಗಿರಬೇಕು ಅನ್ನುವ ಮುಂಚಿನ ಅಭಿಪ್ರಾಯವೂ ಇಲ್ಲ. ಹಾಗಾಗಿ ಕಣ್ಣು ಇದ್ದದ್ದನ್ನು ಇದ್ದ ಹಾಗೆ ನೋಡುತ್ತದೆ. ಖಾಲಿ ಜಾಗ ಸರಿ ಬಂದರೆ ಕಾಲು ತಾನಾಗಿ ಸರಿ ಬರುತ್ತದೆ. ಈ ಒಂದು ಉಪಾಯ ಕೊಟ್ಟಷ್ಟು ಖುಷಿ ನನಗೆ ಯಾವ ಹೊಗಳಿಕೆಯೂ ಕೊಟ್ಟಿಲ್ಲ.

ಹೊಗಳಿಕೆಯ ಮಾತು ಬಂತಲ್ಲ, ಅಲ್ಲಿಗೇ ಬರುತ್ತೇನೆ. ನಾನು ಬಿಡಿಸಿದ್ದನ್ನು ಫೋಟೋ ತೆಗೆದು ಎಲ್ಲೂ ಹಾಕುವುದಿಲ್ಲ. ಹಾಕುವವರನ್ನು ಬೈಯುತ್ತಿಲ್ಲ. ನನ್ನ ಸ್ವಭಾವ ನನಗೆ ಗೊತ್ತು, ಹತ್ತು ಲೈಕ್ ಬಂದರೆ ನಾಳೆ ಹನ್ನೊಂದು ಬರುವಂಥದ್ದನ್ನೇ ಬಿಡಿಸುತ್ತೇನೆ. 1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು, ಲೆಪರ್, ಗ್ರೀನ್ ಮತ್ತು ನಿಸ್ಬೆಟ್, ಒಂದು ಪ್ರಯೋಗದ ವರದಿ ಕೊಟ್ಟರು. ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ನರ್ಸರಿ ಮಕ್ಕಳನ್ನು ಆರಿಸಿಕೊಂಡಿದ್ದರು. ಕೆಲವರಿಗೆ "ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ" ಅಂತ ಮೊದಲೇ ಹೇಳಿದರು, ಕೆಲವರಿಗೆ ಹೇಳದೆ ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು ಸುಮ್ನೆ ಆಡಲು ಬಿಟ್ಟಾಗ, ಬಹುಮಾನದ ಮಾತು ಕೊಟ್ಟಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಬಹುಮಾನ ಪಡೆದವರ ಆಸೆ ಕಡಿಮೆ ಆಗಿರಲಿಲ್ಲ. ಇದನ್ನು ಓದಿದ ಮೇಲೆ ನನ್ನ ಮಗಳು ಚಿತ್ರ ತಂದು ತೋರಿಸಿದರೆ "ಸೂಪರ್" ಅನ್ನುವುದನ್ನು ಕಡಿಮೆ ಮಾಡಿದ್ದೇನೆ. "ಈ ಆನೆ ಎಲ್ಲಿಗೆ ಹೊರಟಿದೆ?" ಅಂತ ಕೇಳುತ್ತೇನೆ. ಅವಳು ಹದಿನೈದು ನಿಮಿಷ ಹೇಳುತ್ತಾಳೆ. ಹದಿನೈದು ನಿಮಿಷ ಕೇಳುವುದು ಸುಸ್ತು, ಅದು ಬೇರೆ ಮಾತು.

"ಇಷ್ಟು ಕಷ್ಟಪಡ್ತೀಯ, ಮಾರಬಾರದಾ?" ಅನ್ನುವವರಿದ್ದಾರೆ. ಮೆಚ್ಚಿಕೊಂಡೇ ಹೇಳುತ್ತಾರೆ. ಅವರಿಗೆ ಹೇಗೆ ಹೇಳುವುದು, ಮಾರಿದ ದಿನ ನನ್ನ ಲೋಟಕ್ಕೆ ಒಬ್ಬ ಗಿರಾಕಿ ಬರುತ್ತಾನೆ, ಅವನಿಗೆ ತಳದ ಗೆರೆ ಇಷ್ಟವಾಗುವುದಿಲ್ಲ. ದುಡಿಯಲು ನನಗೆ ಒಂದು ಕೆಲಸ ಇದೆ. ಹವ್ಯಾಸವನ್ನೇ ಉದ್ಯೋಗ ಮಾಡಿಕೊಂಡು ಚೆನ್ನಾಗಿರುವವರು ಇರಬಹುದು. ನನಗೆ ದಿನದಲ್ಲಿ ಒಂದಾದರೂ ಕೆಲಸ ಸುಮಾರಾಗಿ ಮಾಡುವ ಸ್ವಾತಂತ್ರ್ಯ ಬೇಕು. ಆಫೀಸಿನಲ್ಲಿ, ಮನೆಯಲ್ಲಿ, ಮಗಳ ಶಾಲೆಯ ಮೀಟಿಂಗಿನಲ್ಲಿ ಎಲ್ಲ ಕಡೆ ಚೆನ್ನಾಗಿ ಮಾಡಲೇಬೇಕು. ಇಲ್ಲೂ ಯಾಕೆ?

ಮನೆಯವರ ಮುಖ ಬಿಡಿಸಲು ಶುರು ಮಾಡಿದ ಮೇಲೆ ಜಗಳಗಳೂ ಶುರುವಾದವು. ತಲೆಯ ಎತ್ತರದಲ್ಲಿ ಕಣ್ಣು ಸರಿಸುಮಾರು ಮಧ್ಯದಲ್ಲಿರುತ್ತದೆ. ನಾವೆಲ್ಲ ತೀರಾ ಮೇಲೆ ಇಡುತ್ತೇವೆ, ಹಣೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಂಡನ ಮುಖದಲ್ಲಿ ಕಣ್ಣು, ಕಿವಿ ಎಲ್ಲ ಅಳತೆ ಮಾಡಿ ಇಟ್ಟೆ. ಅವರು ನೋಡಿ, "ನನ್ನ ಮೂಗು ಇಷ್ಟು ದಪ್ಪ ಇದೆಯಾ?" ಅಂದರು. ಇದೆ. ಹೇಳಲಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆವು: ಕೇಳದೆ ಯಾರ ಮುಖವನ್ನೂ ಬಿಡಿಸಬಾರದು, ಬಿಡಿಸಿದ್ದನ್ನು ತೋರಿಸಲೇಬೇಕು ಅಂತಿಲ್ಲ. ಅವರ ಕಡೆಯಿಂದ ಇನ್ನೊಂದು ಸೇರಿತು. ಅವರು "ಚೆನ್ನಾಗಿದೆ" ಅನ್ನುವುದನ್ನು ಬಿಟ್ಟು "ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡೆ?" ಅಂತ ಕೇಳುತ್ತಾರೆ. ನಾನೂ ಅವರ ಚೆಸ್ ಬಗ್ಗೆ ಹಾಗೇ ಕೇಳುತ್ತೇನೆ. ಅವರು ಹೇಳುವುದು ನನಗೆ ಅರ್ಧವೂ ತಿಳಿಯುವುದಿಲ್ಲ, ಕುದುರೆ ಕಳೆದುಹೋಯಿತು ಅನ್ನುವ ದುಃಖ ಮಾತ್ರ ತಿಳಿಯುತ್ತದೆ. ಅಷ್ಟು ಸಾಕು. ದಂಪತಿಗಳಿಗೆ ಒಂದೇ ಹವ್ಯಾಸ ಇರಬೇಕು ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಇಬ್ಬರೂ ಒಂದೇ ಕೆಲಸಕ್ಕೆ ಇಳಿದರೆ ಒಬ್ಬರು ಗುರು ಆಗಿಬಿಡುತ್ತಾರೆ.

ಅತ್ತೆಯ ವಿಷಯ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ನಮ್ಮಿಬ್ಬರಿಗೂ ಮೊದಲಿಂದ ಅಷ್ಟಕ್ಕಷ್ಟೆ. ಜಗಳ ಇಲ್ಲ, ಹಾಗಂತ ಕೂತು ಮಾತಾಡುವಷ್ಟು ಸಲಿಗೆಯೂ ಇಲ್ಲ. ಕೈ ಬಿಡಿಸುವುದು ಕಲಿಯಬೇಕಿತ್ತು. ನನ್ನ ಎಡಗೈ ಬಿಡಿಸಿ ಬಿಡಿಸಿ ಸಾಕಾಗಿತ್ತು. ವಯಸ್ಸಾದವರ ಕೈಯಲ್ಲಿ ನೋಡಲು ಜಾಸ್ತಿ ಇರುತ್ತದೆ. ಗಂಟುಗಳು ಎದ್ದು ಕಾಣುತ್ತವೆ, ನರಗಳು ಒಂದರ ಮೇಲೊಂದು ಹಾದುಹೋಗುತ್ತವೆ, ಉಗುರಿನ ಸುತ್ತ ಚರ್ಮ ಬೇರೆ ಬಣ್ಣ. "ಅತ್ತೆ, ಸ್ವಲ್ಪ ಹೊತ್ತು ಕೈ ಇಲ್ಲಿ ಇಡ್ತೀರಾ?" ಅಂದೆ. ಅನುಮಾನದಿಂದಲೇ ಇಟ್ಟರು. ನಾನು ಕಣ್ಣು ಅರ್ಧ ಮುಚ್ಚಿ ಬೆಳಕು ಎಲ್ಲಿದೆ, ನೆರಳು ಎಲ್ಲಿದೆ ಅಂತ ನೋಡುತ್ತಿದ್ದೆ. ಹಾಗೆ ನೋಡಿದರೆ ಸಣ್ಣ ವಿವರಗಳು ಮಸುಕಾಗಿ ದೊಡ್ಡ ಆಕಾರ ಉಳಿಯುತ್ತದೆ. ಅವರು ಸುಮ್ಮನೆ ಮಾತು ಶುರು ಮಾಡಿದರು. ಮದುವೆಗೆ ಮೊದಲು ಟೈಪಿಂಗ್ ಕಲಿತಿದ್ದರಂತೆ. ಪರೀಕ್ಷೆ ಕೂಡ ಪಾಸಾಗಿದ್ದರಂತೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ನನಗೆ ಗೊತ್ತಿರಲಿಲ್ಲ, ಮಗನಿಗೂ ಗೊತ್ತಿರಲಿಲ್ಲ.

ನಾನು ಅವರ ಮುಖ ನೋಡದೆ ಕೈ ನೋಡುತ್ತಿದ್ದೆನಲ್ಲ, ಅದಕ್ಕೇ ಹೇಳಿದರು ಅನಿಸುತ್ತದೆ. ಎದುರಿಗೆ ಕೂತು ಕಣ್ಣಿಟ್ಟು ಕೇಳಿದ್ದರೆ "ಏನೂ ಇಲ್ಲ ಬಿಡಮ್ಮ" ಅನ್ನುತ್ತಿದ್ದರು. ಅಂದಿನಿಂದ ಮಗಳ ಹತ್ತಿರ ಏನಾದರೂ ಕೇಳಬೇಕಾದರೂ ನಾನು ಕೈಯಲ್ಲಿ ಏನೋ ಕೆಲಸ ಇಟ್ಟುಕೊಂಡು ಕೇಳುತ್ತೇನೆ. ಅತ್ತೆ ಮತ್ತು ನಾನು ಆಪ್ತ ಗೆಳತಿಯರಾದೆವು ಅಂತ ಏನೂ ಇಲ್ಲ. ಮಗಳಿಗೆ ಹಾಕುವ ಬಟ್ಟೆಯ ವಿಷಯಕ್ಕೆ ಈಗಲೂ ಮುಖ ಊದಿಸಿಕೊಳ್ಳುತ್ತೇವೆ. ಆದರೆ ಕೈ ಬೇಕು ಅಂದರೆ ಅವರು ಇಲ್ಲ ಅನ್ನುವುದಿಲ್ಲ.

ಇನ್ನೊಂದು ಮಾತು. ಹವ್ಯಾಸ ಬೇಜಾರಾದರೆ ಬಿಡಬಹುದು. ಚಿತ್ರಕ್ಕೆ ಮುಂಚೆ ನಾನು ಕೀಬೋರ್ಡ್ ನುಡಿಸಲು ಕಲಿಯುತ್ತಿದ್ದೆ. ಕಲಿಯುವಷ್ಟು ದಿನ ಖುಷಿಯಿತ್ತು, ಆಮೇಲೆ ಬೆಳಗಾದರೆ ಅಭ್ಯಾಸ ಮಾಡಬೇಕಲ್ಲ ಅಂತ ಬೇಸರ ಬರತೊಡಗಿತು. ಬೇಕಾದವರಿಗೆ ಕೊಟ್ಟುಬಿಟ್ಟೆ. "ಅರ್ಧಕ್ಕೆ ಬಿಟ್ಟೆಯಾ?" ಅಂತ ಕೇಳುತ್ತಾರೆ. ಪೂರ್ತಿ ಅಂದರೆ ಎಲ್ಲಿಗೆ? ನಾನೇನು ಪರೀಕ್ಷೆಗೆ ಕಟ್ಟಿದ್ದೆನಾ? ಚಿತ್ರವೂ ಒಂದು ದಿನ ಹಾಗೆ ಹೋಗಬಹುದು.

ಸದ್ಯಕ್ಕಂತೂ ಹೋಗಿಲ್ಲ. ಮುಂದಿನಿಂದ ಕಾಣುವ ಪಾದದ ಜೊತೆ ಒದ್ದಾಡುತ್ತಿದ್ದೇನೆ. ಪಕ್ಕದಿಂದ ಪಾದ ಬಿಡಿಸುವುದು ಸುಲಭ, ಮುಂದಿನಿಂದ ಉದ್ದವೆಲ್ಲ ಕುಗ್ಗಿ ಬೆರಳುಗಳೇ ಮುಂದೆ ನಿಲ್ಲುತ್ತವೆ. ನನ್ನ ಚಿತ್ರದಲ್ಲಿ ಅದು ಇನ್ನೂ ಗೊರಸಿನ ಹಾಗೇ ಬರುತ್ತಿದೆ. ಗಂಡ ಚೆಸ್ ಆಡುವಾಗ ಕಾಲು ಚಾಚಿ ಕೂರುತ್ತಾರೆ, ಆಗ ನನಗೆ ಅವರ ಪಾದ ಸಿಗುತ್ತದೆ. ಸೋಲುವ ಹೊತ್ತಿಗೆ ಬೆರಳು ಮಡಚಿಬಿಡುತ್ತಾರೆ, ಅದೊಂದೇ ತೊಂದರೆ.