ಕೀಲಿಮಣೆಯಿಂದ ಕೈ ಎತ್ತದೆ ತಾಳಮದ್ದಳೆ ಬರೆದುಕೊಂಡದ್ದು

ಹಳೆಯ ಕ್ಯಾಸೆಟ್‌ಗಳಲ್ಲಿರುವ ತಾಳಮದ್ದಳೆಯ (ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಅರ್ಥವನ್ನು, ಅಂದರೆ ಪಾತ್ರಗಳ ಮಾತನ್ನು, ಅಕ್ಷರಕ್ಕಿಳಿಸಲು ಕುಳಿತರೆ ಅರ್ಧ ಹೊತ್ತನ್ನು ಮೌಸ್ ತಿಂದುಹಾಕುತ್ತದೆ. ಅರ್ಥಧಾರಿಯ ಒಂದು ವಾಕ್ಯವನ್ನು ಅರ್ಧ ಟೈಪಿಸುವಷ್ಟರಲ್ಲಿ ಅವರು ಮೂರನೆಯದಕ್ಕೆ ಬಂದಿರುತ್ತಾರೆ. ಕಿಟಕಿ ಬದಲಿಸಿ, ನಿಲ್ಲಿಸುವ ಗುಂಡಿ ಒತ್ತಿ, ಕೆಳಗಿನ ಪಟ್ಟಿಯನ್ನು ಚೂರು ಹಿಂದಕ್ಕೆ ಎಳೆಯಬೇಕು. ಆ ‘ಚೂರು’ ಕೈಗೆ ಸಿಗುವುದಿಲ್ಲ. 90 ನಿಮಿಷದ ಕ್ಯಾಸೆಟ್‌ನ ಒಂದು ಬದಿ 45 ನಿಮಿಷ, ಅಂದರೆ 2,700 ಸೆಕೆಂಡು. ಪರದೆಯ ಮೇಲೆ ಸಾವಿರ ಚುಕ್ಕೆ ಅಗಲದ ಪಟ್ಟಿ ಇದ್ದರೆ, ಒಂದೇ ಚುಕ್ಕೆ ಸರಿದರೂ ಸುಮಾರು ಮೂರು ಸೆಕೆಂಡು ಜಿಗಿಯುತ್ತದೆ. ವಾಲಿಯ ಪಾತ್ರದಲ್ಲಿ ನುರಿತವರು ರಾಮನನ್ನು ಅಷ್ಟು ಹೊತ್ತಿನಲ್ಲಿ ಎರಡು ಬಾರಿ ಚುಚ್ಚಿರುತ್ತಾರೆ.

ಆದ್ದರಿಂದ ಗುಂಡಿ, ಪಟ್ಟಿ ಯಾವುದೂ ಬೇಡವೆಂದು, ಆಜ್ಞೆಗಳನ್ನು ಟೈಪಿಸಿ ಕೆಲಸ ಮಾಡಿಸುವ ಟರ್ಮಿನಲ್‌ಗೆ ಬಂದೆ. ನಾನು ಬಳಸುವುದು ಲಿನಕ್ಸ್‌ನಲ್ಲಿ ಎಂಪಿವಿ ಎಂಬ ಪ್ಲೇಯರ್. 2000ದಲ್ಲಿ ಶುರುವಾದ ಎಂಪ್ಲೇಯರ್‌ನ ಕವಲು ಇದು. ‘ಎಂಪಿವಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಪಕ್ಕದಲ್ಲಿ ಎರಡು ಗೀಟು ಹಾಕಿ ‘ನೋ-ವಿಡಿಯೊ’ ಎಂದು ಸೇರಿಸಿ, ಕಡತದ ಹೆಸರು ಕೊಟ್ಟರೆ ಕಿಟಕಿ ತೆರೆಯದೆ ಧ್ವನಿ ಮಾತ್ರ ಬರುತ್ತದೆ. ಸ್ಪೇಸ್ ಒತ್ತಿದರೆ ನಿಲ್ಲುತ್ತದೆ. ಎಡಬಲ ಬಾಣಗಳು ಐದು ಸೆಕೆಂಡು, ಮೇಲೆಕೆಳಗಿನವು ಒಂದು ನಿಮಿಷ ಸರಿಸುತ್ತವೆ. ದಿನನಿತ್ಯದ ಆಲಿಕೆಗೆ ಇಷ್ಟು ಸಾಕು.

ಬರೆದುಕೊಳ್ಳುವವರಿಗೆ ನಿಜವಾಗಿ ಒದಗುವುದು ವೇಗದ ಕೀಲಿಗಳು. ಚೌಕ ಆವರಣದ ಎಡ ಚಿಹ್ನೆಯನ್ನು ಮೂರು ಸಲ ಒತ್ತಿದರೆ ವೇಗ ಮುಕ್ಕಾಲಿಗೆ ಇಳಿಯುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲಿನಂತಾಗುತ್ತದೆ. ನಿಧಾನವಾದರೂ ಶ್ರುತಿ ಇಳಿಯುವುದಿಲ್ಲ, ಅದನ್ನು ಸರಿಪಡಿಸುವ ವ್ಯವಸ್ಥೆ ಮೊದಲಿನಿಂದಲೇ ಚಾಲೂ ಇರುತ್ತದೆ. ಹಾಡುಗಾರರಾದ ಭಾಗವತರ ಪದ್ಯದಲ್ಲಿ ರಾಗದ ಎಳೆತಕ್ಕೆ ಸಿಕ್ಕಿ ಅಕ್ಷರ ಮಸುಕಾದ ಕಡೆ ‘ಎಲ್’ ಕೀಲಿ ಬೇಕಾಗುತ್ತದೆ. ಒಮ್ಮೆ ಒತ್ತಿದರೆ ತುಣುಕಿನ ಆರಂಭ, ಇನ್ನೊಮ್ಮೆ ಒತ್ತಿದರೆ ಕೊನೆ, ಆಮೇಲೆ ಆ ತುಣುಕೇ ಸುತ್ತುತ್ತಿರುತ್ತದೆ. ಮೂರನೆಯ ಸಲಕ್ಕೆ ಬಿಡುಗಡೆ. ವೇಗವನ್ನು ಅರ್ಧಕ್ಕೆ ಇಳಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಅಲ್ಲಿ ವ್ಯಂಜನಗಳು ಒಂದಕ್ಕೊಂದು ಮೆತ್ತಿಕೊಂಡು ‘ದ’ ಯಾವುದು ‘ಧ’ ಯಾವುದು ಎಂಬುದೇ ಗೊತ್ತಾಗುವುದಿಲ್ಲ. ಮುಕ್ಕಾಲು ವೇಗದಲ್ಲಿ ಸುತ್ತಿಸುವುದೇ ಮೇಲು.

ಇಷ್ಟಕ್ಕೇ ಕೆಲಸ ಮುಗಿಯುತ್ತಿದ್ದರೆ ಚೆನ್ನಾಗಿತ್ತು. ಕನ್ನಡದಲ್ಲಿ ಟೈಪಿಸುವವರಿಗೆ ಒಂದು ತೊಡಕಿದೆ, ಇಂಗ್ಲಿಷಿನ ಯಾವ ಕೈಪಿಡಿಗೂ ಅದು ತಲೆನೋವಲ್ಲ. ಕೀಲಿಮಣೆ ಕನ್ನಡದಲ್ಲಿದ್ದಾಗ ಪ್ಲೇಯರ್‌ಗೆ ತಲುಪುವುದೂ ಕನ್ನಡವೇ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಎಲ್’ ಇರುವ ಜಾಗದಲ್ಲಿ ‘ತ’ ಬರುತ್ತದೆ, ಎಡ ಚೌಕ ಆವರಣ ಇರುವಲ್ಲಿ ‘ಡ’. ‘ತ’ ಎಂಬ ಕೀಲಿಗೆ ಯಾವ ಕೆಲಸವನ್ನೂ ಹಚ್ಚಿಲ್ಲ ಎಂದು ಎಂಪಿವಿ ವಿನಯದಿಂದ ತಿಳಿಸಿ ಸುಮ್ಮನಾಗುತ್ತದೆ. ಕೀಲಿಗಳ ಕೆಲಸ ನಿಗದಿಪಡಿಸುವ ಕಡತದಲ್ಲಿ (ಹೆಸರು ‘ಇನ್‌ಪುಟ್’, ಬಾಲ ‘ಕಾನ್ಫ್’) ಕನ್ನಡ ಅಕ್ಷರವನ್ನೇ ಬರೆದು, ಮುಂದೆ ಆಜ್ಞೆಯನ್ನು ಸೇರಿಸಿದರೆ ಇದಕ್ಕೆ ಪರಿಹಾರವಿದೆ. ‘ತ’ ಒತ್ತಿದರೆ ತುಣುಕು ಸುತ್ತಲಿ, ‘ಡ’ ಒತ್ತಿದರೆ ವೇಗ ಇಳಿಯಲಿ ಎಂಬ ಸಾಲುಗಳನ್ನು ಅದು ಸ್ವೀಕರಿಸುತ್ತದೆ.

ಆದರೂ ಪ್ಲೇಯರ್‌ನತ್ತ ಕಿಟಕಿ ಬದಲಿಸುವ ಕಾಟ ಉಳಿದೇ ಇರುತ್ತದೆ. ಅದನ್ನು ತಪ್ಪಿಸಿದ್ದು ಸಾಕೆಟ್. ಎಂಪಿವಿಯನ್ನು ಎಬ್ಬಿಸುವಾಗಲೇ ‘ಇನ್‌ಪುಟ್-ಐಪಿಸಿ-ಸರ್ವರ್’ ಎಂಬ ಆಯ್ಕೆಗೆ ಒಂದು ದಾರಿಯನ್ನು ಕೊಟ್ಟರೆ ಆ ಜಾಗದಲ್ಲಿ ಒಂದು ಕಿಂಡಿ ತೆರೆದುಕೊಳ್ಳುತ್ತದೆ. ಅಲ್ಲಿಗೆ ಯಾವ ಪ್ರೋಗ್ರಾಮ್ ಬೇಕಾದರೂ ‘ಸೈಕಲ್ ಪಾಝ್’ (ನಿಲ್ಲು ಅಥವಾ ಹೊರಡು) ಎಂಬಂಥ ಒಂದು ಸಾಲಿನ ಆಜ್ಞೆ ಕಳಿಸಬಹುದು. ನಾನು ‘ಎಕೊ’ ಎಂಬ ಟರ್ಮಿನಲ್ ಆಜ್ಞೆಯಿಂದ ಸಾಲನ್ನು ಹೊರಡಿಸಿ ‘ಸೊಕ್ಯಾಟ್’ ಎಂಬ ಪ್ರೋಗ್ರಾಮ್ ಮೂಲಕ ಕಿಂಡಿಗೆ ದಾಟಿಸುತ್ತೇನೆ. ಇದನ್ನು ಪುಟ್ಟ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟು, ಡೆಸ್ಕ್‌ಟಾಪ್‌ನ ಶಾರ್ಟ್‌ಕಟ್ ಪಟ್ಟಿಯಲ್ಲಿ ಎಫ್7, ಎಫ್8 ಕೀಲಿಗಳಿಗೆ ಕಟ್ಟಿದ್ದೇನೆ. ಸ್ಕ್ರಿಪ್ಟ್ ಏಕೆಂದರೆ, ಗ್ನೋಮ್ ಡೆಸ್ಕ್‌ಟಾಪ್‌ನ ಆ ಪಟ್ಟಿಯಲ್ಲಿ ಆಜ್ಞೆಯನ್ನು ನೇರವಾಗಿ ಬರೆದರೆ, ಎಕೊದ ಸಾಲನ್ನು ಸೊಕ್ಯಾಟ್‌ಗೆ ದಾಟಿಸುವ ಪೈಪ್ ಚಿಹ್ನೆ ಕೆಲಸ ಮಾಡುವುದಿಲ್ಲ. ಫಂಕ್ಷನ್ ಕೀಲಿಗಳನ್ನು ಆರಿಸಿದ್ದಕ್ಕೂ ಕಾರಣವಿದೆ: ಕನ್ನಡವಿರಲಿ, ಇಂಗ್ಲಿಷ್ ಇರಲಿ, ಅವು ಬದಲಾಗುವುದಿಲ್ಲ. ಎಫ್7 ಲಿಬ್ರೆ ಆಫೀಸ್‌ನಲ್ಲಿ ಕಾಗುಣಿತ ಪರೀಕ್ಷೆಯ ಕೀಲಿ. ಅರ್ಥಧಾರಿಗಳ ಸಮಾಸಗಳನ್ನು ಕಂಡು ತಪ್ಪೆನ್ನುವ ಆ ಪರೀಕ್ಷಕನನ್ನು ಕಳೆದುಕೊಂಡದ್ದಕ್ಕೆ ನನಗೇನೂ ದುಃಖವಿಲ್ಲ.

ಎಫ್7 ಕೇವಲ ನಿಲ್ಲಿಸುವುದಿಲ್ಲ. ‘ನಿಲ್ಲು ಅಥವಾ ಹೊರಡು’ ಎಂಬ ಆಜ್ಞೆಯ ಜೊತೆಗೆ ‘ಒಂದು ಸೆಕೆಂಡು ಹಿಂದೆ’ ಎಂಬುದನ್ನೂ ಅರ್ಧವಿರಾಮ ಚಿಹ್ನೆಯಿಂದ ಜೋಡಿಸಿದ್ದೇನೆ. ನಿಲ್ಲುವಾಗ ಒಂದು, ಹೊರಡುವಾಗ ಇನ್ನೊಂದು, ಒಟ್ಟು ಎರಡು ಸೆಕೆಂಡು ಹಿಂದಿನಿಂದ ಮಾತು ಮತ್ತೆ ಶುರುವಾಗುತ್ತದೆ. ಬರೆದ ಕೊನೆಯ ಪದ ಕಿವಿಗೆ ಇನ್ನೊಮ್ಮೆ ಬೀಳುವುದರಿಂದ ಎಲ್ಲಿದ್ದೆ ಎಂದು ಹುಡುಕಬೇಕಾಗಿಲ್ಲ. ಇಷ್ಟೆಲ್ಲದರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಈ ಕೀಲಿಯನ್ನು ಉಳಿಸಿಕೊಳ್ಳುತ್ತೇನೆ. ಎಫ್8 ಐದು ಸೆಕೆಂಡು ಹಿಂದಕ್ಕೆ ಒಯ್ಯುತ್ತದೆ, ಅಷ್ಟೇ. ಎಫ್9 ಪ್ಲೇಯರ್‌ನಿಂದ ಆ ಕ್ಷಣದ ಸಮಯವನ್ನು ಕೇಳಿ ಕ್ಲಿಪ್‌ಬೋರ್ಡ್‌ಗೆ ಹಾಕುತ್ತದೆ. ಕೇಳಿಸದ ಪದವಿದ್ದಲ್ಲಿ ಅದನ್ನು ಅಂಟಿಸಿ ಮುಂದೆ ಹೋಗುತ್ತೇನೆ. ಆಮೇಲೆ ಪ್ರಸಂಗ ಬಲ್ಲವರ ಎದುರು ಕುಳಿತಾಗ ‘ಸ್ಟಾರ್ಟ್’ ಆಯ್ಕೆಗೆ ಅದೇ ಸಮಯವನ್ನು ಕೊಟ್ಟರೆ ನೇರವಾಗಿ ಅಲ್ಲಿಂದಲೇ ನುಡಿಯುತ್ತದೆ.

ಧ್ವನಿಯ ಏರಿಳಿತಕ್ಕೂ ಒಂದು ಮದ್ದು ಬೇಕಿತ್ತು. ಒಂದೇ ಮೈಕ್ ಇಟ್ಟು ಮಾಡಿದ ಧ್ವನಿಮುದ್ರಣದಲ್ಲಿ ದೂರ ಕುಳಿತವರ ಮಾತು ಪಿಸುಗುಟ್ಟಿದಂತಿರುತ್ತದೆ. ಅದಕ್ಕೆಂದು ಧ್ವನಿ ಏರಿಸಿದ ಹೊತ್ತಿಗೇ ಚೆಂಡೆ ಬಿದ್ದು ಕಿವಿ ಗುಂಯ್ ಎನ್ನುತ್ತದೆ. ಧ್ವನಿ, ವಿಡಿಯೊ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದ ‘ಡೈನಾಡ್‌ನಾರ್ಮ್’ ಫಿಲ್ಟರನ್ನು ಎಂಪಿವಿಯ ‘ಎಎಫ್’ ಆಯ್ಕೆಗೆ ಕೊಟ್ಟರೆ ಮೆಲುದನಿಯನ್ನು ಮೇಲೆತ್ತಿ ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಬೆಲೆಯೂ ಇದೆ: ಯಾರೂ ಮಾತನಾಡದ ಕಡೆ ಟೇಪಿನ ಸುಯ್ಯೆನ್ನುವ ಸದ್ದನ್ನೂ ಅದು ಮೇಲೆತ್ತುತ್ತದೆ. ಅದಕ್ಕೇ ಬೇಕೆಂದಾಗ ಹಾಕಿ, ಬೇಡವೆಂದಾಗ ತೆಗೆಯುವಂತೆ ಇದನ್ನೂ ಒಂದು ಕೀಲಿಗೆ ಕಟ್ಟಿದ್ದೇನೆ. ಮೂಲ ಕಡತವನ್ನು ಇದು ಮುಟ್ಟುವುದಿಲ್ಲ, ಕೇಳುವ ಹೊತ್ತಿಗಷ್ಟೇ ಅನ್ವಯಿಸುತ್ತದೆ.

ಸಿಮಸ್ ಎಂಬ ಇನ್ನೊಂದು ಟರ್ಮಿನಲ್ ಪ್ಲೇಯರ್ ಇರುವಾಗ ಎಂಪಿವಿ ಏಕೆ ಎಂದು ಕೇಳುವವರಿದ್ದಾರೆ. ಹಾಡು ಕೇಳಲು ನಾನೂ ಸಿಮಸ್ ಬಳಸುತ್ತೇನೆ. ಹಿಂದಿನ ಹಾಡು, ಆರಂಭ, ವಿರಾಮ, ನಿಲುಗಡೆ, ಮುಂದಿನ ಹಾಡು ಎಲ್ಲವೂ ಕೆಳಸಾಲಿನ ಅಕ್ಕಪಕ್ಕದ ಐದು ಕೀಲಿಗಳಲ್ಲಿವೆ, ಹೊರಗಿನಿಂದ ಆಳಲು ‘ಸಿಮಸ್-ರಿಮೋಟ್’ ಕೂಡ ಇದೆ. ಆದರೆ ಅದರ ಸಂಗ್ರಹ ಕಲಾವಿದ, ಆಲ್ಬಂ ಎಂಬ ಗುರುತುಚೀಟಿಗಳ ಮೇಲೆ ನಿಂತಿದೆ. ‘ಬದಿ ಎ’, ‘ಬದಿ ಬಿ’ ಎಂದಷ್ಟೇ ಹೆಸರಿರುವ ಕ್ಯಾಸೆಟ್ ಕಡತಗಳಿಗೆ ಆ ಅಚ್ಚುಕಟ್ಟು ಒದಗುವುದಿಲ್ಲ.

ಕೆಲಸ ಮುಗಿಸಿ ಏಳುವಾಗ ಶಿಫ್ಟ್ ಜೊತೆ ‘ಕ್ಯೂ’ ಒತ್ತುತ್ತೇನೆ. ಎಲ್ಲಿ ನಿಂತೆ, ವೇಗ ಎಷ್ಟಿತ್ತು ಎಂಬುದೆಲ್ಲ ದಾಖಲಾಗಿ, ಅದೇ ಕಡತವನ್ನು ಮತ್ತೆ ತೆರೆದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಎಂಪಿವಿ ಈ ನೆನಪನ್ನು ಕಡತದ ಪೂರ್ಣ ವಿಳಾಸಕ್ಕೆ ಕಟ್ಟಿಡುತ್ತದೆ. ಹಾಗಾಗಿ ಅರ್ಧ ಬರೆದ ಬದಿಗೆ ಪ್ರಸಂಗದ ಹೆಸರಿಡುವುದು, ಬೇರೆ ಫೋಲ್ಡರ್‌ಗೆ ಸಾಗಿಸುವುದು ಇತ್ಯಾದಿ ಶಿಸ್ತಿನ ಕೆಲಸಗಳನ್ನೆಲ್ಲ ಆ ಬದಿ ಪೂರ್ತಿ ಮುಗಿದ ಮೇಲೆಯೇ ಮಾಡುತ್ತೇನೆ.